ಚೆಸ್ ವಿಶ್ವಕಪ್: ಗೋವಾದಲ್ಲಿ ನಮ್ಮವರು 24 ಜನ ಆಡಿದರು, ಸೆಮಿಫೈನಲ್‌ಗೆ ಒಬ್ಬನೂ ಇಲ್ಲ. ತಪ್ಪು ಪದ್ಧತಿಯದೋ, ನಮ್ಮವರದೋ?

ಡೊಂಬಿವಲಿ ಅಪ್ಪ
3 ಜನವರಿ 2026, ಬೆಳಗ್ಗೆ 9:12

ಒಂದು ತಿಂಗಳಿಂದ ಹೊಟ್ಟೆಯೊಳಗೆ ಇಟ್ಟುಕೊಂಡಿದ್ದೇನೆ, ಇವತ್ತು ಹೇಳಿಬಿಡುತ್ತೇನೆ.

ನವೆಂಬರ್‌ನಲ್ಲಿ ಗೋವಾದ ಅರ್ಪೋರಾದಲ್ಲಿ ಚೆಸ್ ವಿಶ್ವಕಪ್ ನಡೆಯಿತಲ್ಲ, ಮಗನಿಗೆ ತೋರಿಸೋಣ ಎಂದು ಬಹಳ ಮೊದಲೇ ಕೊಂಕಣ ಕನ್ಯಾ ಟಿಕೆಟ್ ಮಾಡಿಸಿದ್ದೆ. 8ನೇ ತಾರೀಖು ಶನಿವಾರ ರಾತ್ರಿ ಠಾಣೆಯಲ್ಲಿ ಹತ್ತುವುದು, ಬೆಳಗ್ಗೆ ಥಿವಿಂನಲ್ಲಿ ಇಳಿಯುವುದು. ಮಾಪುಸಾದಲ್ಲಿ ನನ್ನ ಚಿಕ್ಕಮ್ಮನ ಮನೆ ಇದೆ, ಉಳಿಯುವ ಚಿಂತೆ ಇಲ್ಲ. ಮಗನಿಗೆ ಹತ್ತು ವರ್ಷ. ಗುಕೇಶ್ ಎಂದರೆ ಪ್ರಾಣ. ನೋಟ್‌ಬುಕ್ಕಿನ ರಟ್ಟಿನ ಮೇಲೆಲ್ಲ ಗುಕೇಶ್.

ಶನಿವಾರ ಸಂಜೆ ಹೆಂಡತಿ ಡಬ್ಬಿಗೆ ಚಪಾತಿ ಹಾಕುತ್ತಿದ್ದಳು. ಇವನು ಫೋನ್ ಹಿಡಿದು ಸೋಫಾದ ಮೂಲೆಯಲ್ಲಿ ಕೂತಿದ್ದ. ಸ್ವಲ್ಪ ಹೊತ್ತಿಗೆ ಫೋನನ್ನು ಮಗುಚಿ ಇಟ್ಟು, "ಅಪ್ಪಾ, ಹೋಗೋದು ಬೇಡ" ಎಂದ. ಮೂರನೇ ಸುತ್ತಿನಲ್ಲೇ ಜರ್ಮನಿಯ ಫ್ರೆಡರಿಕ್ ಸ್ವಾನೆ ಕೈಯಲ್ಲಿ ಗುಕೇಶ್ ಸೋತಿದ್ದ. ಮೊದಲ ಆಟ ಡ್ರಾ, ಎರಡನೆಯದು ಸೋಲು, ಅಷ್ಟೇ. ವಿಶ್ವ ಚಾಂಪಿಯನ್ ಮನೆಗೆ!

ಟಿಕೆಟ್ ದಂಡ ಆಗಬಾರದು ಎಂದು ಹೋದೆವು. ಅವನು ಅರ್ಪೋರಾದ ಕಡೆ ತಲೆ ಹಾಕಲೂ ಒಪ್ಪಲಿಲ್ಲ. ಭಾನುವಾರ ಪೂರ್ತಿ ಚಿಕ್ಕಮ್ಮನ ಮನೆಯಲ್ಲಿ ಕೂತು ಮೀನು ತಿಂದು ಬಂದ.

ಆಮೇಲೆ ನೋಡಿದರೆ ಪ್ರಜ್ಞಾನಂದ ನಾಲ್ಕನೇ ಸುತ್ತಿನಲ್ಲಿ ಹೋದ, ಹರಿಕೃಷ್ಣ ಐದರಲ್ಲಿ, ಅರ್ಜುನ್ ಎರಿಗೈಸಿ ಕ್ವಾರ್ಟರ್‌ನಲ್ಲಿ. ನಮ್ಮವರು 24 ಜನ ಇದ್ದರು. ಕಪ್ಪಿಗೆ ಹೆಸರು ವಿಶ್ವನಾಥನ್ ಆನಂದ್ ಅವರದ್ದು. ಕೊನೆಯ ನಾಲ್ವರಲ್ಲಿ ನಮ್ಮವನು ಒಬ್ಬನೂ ಇಲ್ಲ. ಎರಡೇ ಆಟ ಆಡಿಸಿ ಮನೆಗೆ ಕಳಿಸುವ ಈ ಪದ್ಧತಿ ನ್ಯಾಯವೇ? ತಿಳಿದವರು ಹೇಳಿ.


ಕುದುರೆ ಬಾಲ
3 ಜನವರಿ, 9:40

ಮೊದಲು ಒಂದು ಸಮಾಧಾನದ ಮಾತು. ಆ ಕಪ್ ಗುಕೇಶ್‌ಗೆ ಬೇಕಾಗಿಯೇ ಇರಲಿಲ್ಲ. ವಿಶ್ವಕಪ್‌ನ ಮೊದಲ ಮೂವರಿಗೆ ಕ್ಯಾಂಡಿಡೇಟ್ಸ್ ಎನ್ನುವ ಟೂರ್ನಿಗೆ ಪ್ರವೇಶ ಸಿಗುತ್ತದೆ. ಕ್ಯಾಂಡಿಡೇಟ್ಸ್ ಗೆದ್ದವನು ವಿಶ್ವ ಪಟ್ಟಕ್ಕಾಗಿ ಗುಕೇಶ್ ಎದುರು ಕೂರುತ್ತಾನೆ. ಅವನು ಈಗಾಗಲೇ ಆ ಕಡೆಯ ಕುರ್ಚಿಯಲ್ಲಿ ಕೂತಿದ್ದಾನೆ. ಗೆದ್ದಿದ್ದರೆ 1,20,000 ಡಾಲರ್ ಬಹುಮಾನ ಸಿಗುತ್ತಿತ್ತು, ಅದು ಬಿಟ್ಟು ಬೇರೇನಿಲ್ಲ.

ನಷ್ಟ ಆಗಿದ್ದು ಅರ್ಜುನ್‌ಗೆ. ಅವನಿಗೆ ಕ್ಯಾಂಡಿಡೇಟ್ಸ್‌ಗೆ ಹೋಗಲು ಇದು ದಾರಿಯಾಗಿತ್ತು. ಅಳುವುದಾದರೆ ಅವನಿಗಾಗಿ ಅಳಬೇಕು.


ಹಡಪ್ಸರ ಬೆಳಗಾವಿ
3 ಜನವರಿ, 9:58

ಲಾಟರಿ ರೀ ಇದು, ಲಾಟರಿ. ಐದು ತಾಸು ಆಡೋ ಆಟವನ್ನು ಎರಡು ಸಲ ಆಡಿಸಿ, ಸಮ ಆದರೆ 15 ನಿಮಿಷದ್ದು, ಆಮೇಲೆ 10 ನಿಮಿಷದ್ದು, ಆಮೇಲೆ 5 ನಿಮಿಷದ್ದು. ಕೊನೆಗೆ ನಾಣ್ಯ ಚಿಮ್ಮೋದೊಂದು ಬಾಕಿ. ಕುಸ್ತಿಯೊಳಗೂ ಹಿಂಗ ಮಾಡೂದಿಲ್ಲ.


ಒಂಟೆ ಸವಾರ
3 ಜನವರಿ, 10:15

ಬೆಳಗಾವಿ ಸರ್, ಲಾಟರಿ ಅಂತ ಈಗ ಹೇಳುತ್ತೀರಿ. 2000ನೇ ಇಸವಿಯಲ್ಲಿ ಆನಂದ್ ಮೊದಲ ಸಲ ವಿಶ್ವ ಚಾಂಪಿಯನ್ ಆಗಿದ್ದು ಇಂಥದ್ದೇ ನಾಕೌಟ್‌ನಲ್ಲಿ. ದೆಹಲಿಯಲ್ಲಿ ಶುರುವಾಗಿ ಟೆಹರಾನ್‌ನಲ್ಲಿ ಶಿರೋವ್ ವಿರುದ್ಧ ಫೈನಲ್. ಆಗ ನಾವ್ಯಾರೂ ಲಾಟರಿ ಎನ್ನಲಿಲ್ಲ, ಪೇಡೆ ಹಂಚಿದೆವು. ಅದರ ಹಿಂದಿನ ವರ್ಷ ಲಾಸ್ ವೇಗಾಸ್‌ನಲ್ಲಿ ಖಲೀಫ್‌ಮನ್ ಗೆದ್ದಾಗ ಮಾತ್ರ ಲೋಕವೆಲ್ಲ ಲಾಟರಿ ಎಂದು ಕೂಗಿತು.

ಇನ್ನೊಂದು. ಈ ಸಲ ಎರಡನೇ ಸುತ್ತಿನಲ್ಲಿ ಕೊಲ್ಕತ್ತಾದ ದೀಪ್ತಾಯನ್ ಘೋಷ್ ಯಾರನ್ನು ಮನೆಗೆ ಕಳಿಸಿದರು ಗೊತ್ತಲ್ಲ? ನೆಪೋಮ್ನಿಯಾಚಿಯನ್ನು. ಎರಡು ಸಲ ವಿಶ್ವ ಪಟ್ಟಕ್ಕೆ ಆಡಿದ ಮನುಷ್ಯ. ಎಲ್ಲರೂ ಎಲ್ಲರ ಜೊತೆ ಆಡುವ ಟೂರ್ನಿಗೆ ದೀಪ್ತಾಯನ್‌ರನ್ನು ಯಾರು ಕರೆಯುತ್ತಾರೆ? 206 ಜನಕ್ಕೆ ಬಾಗಿಲು ತೆರೆಯುವ ಕೂಟ ಇದು. ಬಾಗಿಲು ತೆರೆದ ಮೇಲೆ ಗಾಳಿಯೂ ಬರುತ್ತದೆ, ನೊಣವೂ ಬರುತ್ತದೆ.


ಹಡಪ್ಸರ ಬೆಳಗಾವಿ
3 ಜನವರಿ, 10:21

ದೀಪ್ತಾಯನ್ ನೊಣ ಏನ್ರಿ?


ಒಂಟೆ ಸವಾರ
3 ಜನವರಿ, 10:23

ಅವರು ಗಾಳಿ. ನೊಣ ಯಾರು ಅಂತ ನಾನು ಹೇಳುವುದಿಲ್ಲ.


ಫೋರ್ಟ್ ಶೆಟ್ಟಿ
3 ಜನವರಿ, 11:02

ನಮ್ಮ ಹೋಟೆಲ್ ಕೌಂಟರಿನಲ್ಲಿ ಇದೇ ಜಗಳ ಮೂರು ವಾರ ನಡೆಯಿತು ಮಾರಾಯ್ರೆ. ಪಕ್ಕದ ಬ್ಯಾಂಕಿನ ಇಬ್ಬರು ಗಿರಾಕಿಗಳು ಮಧ್ಯಾಹ್ನ ಮೂರಕ್ಕೆ ಸರಿಯಾಗಿ ಚಹಾಕ್ಕೆ ಬರುತ್ತಿದ್ದರು, ಆಟ ಶುರುವಾಗುವುದೂ ಆಗಲೇ. ಒಂದು ಕಟಿಂಗ್ ಚಹಾ ಇಟ್ಟುಕೊಂಡು ನಲವತ್ತು ನಿಮಿಷ ಮೇಜು ಬಿಡುವುದಿಲ್ಲ. ಒಬ್ಬ ನಡೆ ಹೇಳುವುದು, ಇನ್ನೊಬ್ಬ ಬೈಯುವುದು. ನನಗೆ ಚೆಸ್ ಬರುವುದಿಲ್ಲ. ಆದರೆ ಅರ್ಜುನ್ ಸೋತ ದಿನ ಆ ಇಬ್ಬರೂ ಚಹಾ ಪೂರ್ತಿ ಕುಡಿಯದೆ ಎದ್ದು ಹೋದರು. ಆಗ ಗೊತ್ತಾಯಿತು ಏನೋ ದೊಡ್ಡದೇ ಆಗಿದೆ ಎಂದು.

ಆ ದಿನ ನಿಜವಾಗಿ ಏನಾಯಿತು, ಯಾರಾದರೂ ಬಿಡಿಸಿ ಹೇಳಿ.


ಕುದುರೆ ಬಾಲ
3 ಜನವರಿ, 11:30

ಶೆಟ್ರೇ, ನವೆಂಬರ್ 19. ಎದುರಾಳಿ ಚೀನಾದ ವೇ ಯಿ. ದೀರ್ಘ ಆಟಗಳು ಎರಡೂ ಡ್ರಾ. 15 ನಿಮಿಷದ ಟೈಬ್ರೇಕ್‌ನಲ್ಲಿ ಮೊದಲನೆಯದೂ ಡ್ರಾ. ಎರಡನೆಯದರಲ್ಲಿ ಅರ್ಜುನ್ ಕಪ್ಪು ಕಾಯಿ, ಸೋತ. ಅದಕ್ಕೂ ಹಿಂದಿನ ಸುತ್ತಿನಲ್ಲಿ ಲೆವೋನ್ ಅರೋನಿಯನ್‌ರನ್ನು ಹೊರಗೆ ಹಾಕಿ ಬಂದಿದ್ದ. ಅಂಥ ದಿನ ಒಂದಾದ ಮೇಲೆ ಇಂಥ ದಿನ.

ಕೊನೆಗೆ ವೇ ಯಿಯನ್ನು ಫೈನಲ್‌ನಲ್ಲಿ ಸೋಲಿಸಿದ್ದು ಉಜ್ಬೇಕಿಸ್ತಾನದ ಜಾವೊಖಿರ್ ಸಿಂದರೋವ್, ಅದೂ ಟೈಬ್ರೇಕ್‌ನಲ್ಲಿ. 19 ವರ್ಷದ ಹುಡುಗ. ಈ ಕಪ್ ಗೆದ್ದವರಲ್ಲೇ ಚಿಕ್ಕವನು. ಮೂರನೇ ಜಾಗ ರಷ್ಯಾ ಮೂಲದ ಎಸಿಪೆಂಕೋಗೆ.


ಡೊಂಬಿವಲಿ ಅಪ್ಪ
3 ಜನವರಿ, 11:44

ಅದನ್ನೇ ನಾನು ಹೇಳುತ್ತಿರುವುದು. ಶ್ರೇಯಾಂಕದಲ್ಲಿ 1 ಗುಕೇಶ್, 2 ಅರ್ಜುನ್, 3 ಪ್ರಜ್ಞಾನಂದ. ಮೂವರೂ ನಮ್ಮವರೇ. ಮೂವರೂ ಹೋದರು, 16ನೇ ಶ್ರೇಯಾಂಕದವನು ಗೆದ್ದ. ಪದ್ಧತಿ ಸರಿ ಇದ್ದರೆ ಹೀಗಾಗುತ್ತಿತ್ತೇ?


ಒಂಟೆ ಸವಾರ
3 ಜನವರಿ, 11:50

ಶ್ರೇಯಾಂಕದಂತೆಯೇ ಗೆಲ್ಲಬೇಕು ಎಂದಾದರೆ ಆಡಿಸುವುದು ಏಕೆ? ಪಟ್ಟಿ ಅಂಟಿಸಿ ಕಪ್ ಕೊಟ್ಟು ಕಳಿಸಬಹುದಲ್ವಾ?

ಸಿಂದರೋವ್‌ನನ್ನು ಯಾರೋ ದಾರಿಹೋಕ ಎನ್ನುವ ಹಾಗೆ ಮಾತಾಡಬೇಡಿ ಸಾರ್. 2022ರಲ್ಲಿ ಚೆನ್ನೈ ಒಲಿಂಪಿಯಾಡ್‌ನಲ್ಲಿ ನಮ್ಮ ಮನೆಗೇ ಬಂದು ಚಿನ್ನ ಒಯ್ದ ಉಜ್ಬೇಕ್ ತಂಡದಲ್ಲಿ ಅವನೂ ಇದ್ದ. ಆಗ ಹದಿನಾರು ವರ್ಷ. ಗೋವಾದಲ್ಲಿ ಸೆಮಿಯಲ್ಲಿ ಅವನ ಎದುರು ಇದ್ದವನೂ ಉಜ್ಬೇಕ್, ಯಾಕುಬ್ಬೊಯೆವ್. ನಾವು ಬರೀ ನಮ್ಮ ಮೂವರನ್ನೇ ನೋಡಿಕೊಂಡು ಕೂತಿದ್ದೆವು, ಅಷ್ಟೇ ತಪ್ಪು.


ವಾಸ್ಕೋ ಮಂಜ
3 ಜನವರಿ, 12:35

ಗೋವಾದಿಂದ ಒಬ್ಬ ಮಾತಾಡಲಿ ಈಗ. ನಾನು ವಾಸ್ಕೋದಲ್ಲಿ ಇಪ್ಪತ್ತು ವರ್ಷದಿಂದ ಇದ್ದೇನೆ, ಊರು ಗದಗ ಕಡೆ. ನವೆಂಬರ್‌ನಲ್ಲಿ ಟ್ಯಾಕ್ಸಿ ಓಡಿಸುವ ಗೆಳೆಯ ಕೇಳಿದ: "ಈ ಸಲ ಬರೋ ಫಾರಿನ್‌ನವರು ಯಾಕೆ ಇಷ್ಟು ತಣ್ಣಗಿದ್ದಾರೆ? ಬೀಚ್ ಕೇಳಲ್ಲ, ಬಿಯರ್ ಕೇಳಲ್ಲ." ಚೆಸ್ ಆಡುವವರು ಕಣೋ ಎಂದೆ. ಅರ್ಪೋರಾ ಎಂದರೆ ನಮಗೆಲ್ಲ ಶನಿವಾರ ರಾತ್ರಿಯ ಸಂತೆ, ಹಾಡು, ಗದ್ದಲ. ಅದರ ಪಕ್ಕದಲ್ಲೇ ಪಿಸುಮಾತೂ ಇಲ್ಲದ ಹಾಲ್! ತಿಂಗಳು ಕಳೆಯುವುದರೊಳಗೆ ಅದೇ ಊರಿನ ನೈಟ್‌ಕ್ಲಬ್ಬಿನಲ್ಲಿ ಬೆಂಕಿ ಬಿದ್ದು ಅಷ್ಟು ಜನ ಹೋದರು. ಈಗ ಅರ್ಪೋರಾ ಹೆಸರು ಹೇಳಿದರೆ ಇಲ್ಲಿ ಯಾರಿಗೂ ಚೆಸ್ ನೆನಪಾಗುವುದಿಲ್ಲ, ಪಾಪ.

ಇನ್ನೊಂದು ವಿಷಯ. ಗೋವಾ ಚೆಸ್ಸಿಗೆ ಹೊಸದಲ್ಲ. ಅನುರಾಗ್ ಮ್ಹಾಮಲ್ ಗ್ರ್ಯಾಂಡ್‌ಮಾಸ್ಟರ್. ಲಿಯಾನ್ ಮೆಂಡೋನ್ಸಾ ಗ್ರ್ಯಾಂಡ್‌ಮಾಸ್ಟರ್. ಭಕ್ತಿ ಕುಲಕರ್ಣಿಗೆ ಅರ್ಜುನ ಪ್ರಶಸ್ತಿ ಬಂದಿದೆ. ಲಿಯಾನ್ ಕತೆ ಗೊತ್ತಾ? ಕೊರೋನಾ ಬಂದಾಗ ಅಪ್ಪ ಮಗ ಹಂಗೇರಿಯಲ್ಲಿ ಸಿಕ್ಕಿಬಿದ್ದರು. ವಾಪಸ್ ಬರಲು ವಿಮಾನ ಇಲ್ಲ. ಹುಡುಗ ಯುರೋಪಿನಲ್ಲೇ ಒಂದಾದ ಮೇಲೊಂದು ಟೂರ್ನಿ ಆಡಿ, ಹದಿನಾಲ್ಕನೇ ವಯಸ್ಸಿಗೆ ಗ್ರ್ಯಾಂಡ್‌ಮಾಸ್ಟರ್ ಆಗಿ ಮನೆಗೆ ಬಂದ. ನಾವು ಲಾಕ್‌ಡೌನ್‌ನಲ್ಲಿ ಡಾಲ್ಗೋನಾ ಕಾಫಿ ಕಲಸುತ್ತಿದ್ದೆವು.


ಫೋರ್ಟ್ ಶೆಟ್ಟಿ
3 ಜನವರಿ, 12:41

ನಾನು ಕಲಸಲಿಲ್ಲ. ನಾನು ಪಾರ್ಸೆಲ್ ಕಟ್ಟುತ್ತಿದ್ದೆ.


ಕೋಥ್ರೂಡ್ ಅಮ್ಮ
3 ಜನವರಿ, 2:10

ಬೆಳಗ್ಗೆಯಿಂದ ಓದುತ್ತಿದ್ದೇನೆ. ಇಷ್ಟು ಜನ ಗಂಡಸರು, ಇಷ್ಟು ಉದ್ದ ಮಾತು, "ನಮ್ಮವರು ಯಾರೂ ಗೆಲ್ಲಲಿಲ್ಲ" ಅಂತ ಅಳು. ಜುಲೈ ಮರೆತೇಹೋಯಿತೇ?

ಜಾರ್ಜಿಯಾದ ಬಟುಮಿಯಲ್ಲಿ ಮಹಿಳೆಯರ ವಿಶ್ವಕಪ್ ಇದೇ ನಾಕೌಟ್, ಇದೇ ಎರಡು ಆಟ, ಇದೇ ಟೈಬ್ರೇಕ್. ಫೈನಲ್‌ನಲ್ಲಿ ಇಬ್ಬರೂ ನಮ್ಮವರೇ. ನಾಗ್ಪುರದ ದಿವ್ಯಾ ದೇಶಮುಖ್, 19 ವರ್ಷ, ಕೊನೇರು ಹಂಪಿಯನ್ನು ಸೋಲಿಸಿ ಕಪ್ ತಂದಳು. ಒಂದೇ ಏಟಿಗೆ ಗ್ರ್ಯಾಂಡ್‌ಮಾಸ್ಟರ್ ಕೂಡ ಆದಳು, ಭಾರತದ 88ನೆಯವಳು. ಆ ದಿನ ಲಾಟರಿ ಎಂದವರು ಯಾರು? ಮಹಿಳೆಯರ ಕ್ಯಾಂಡಿಡೇಟ್ಸ್‌ಗೆ ದಿವ್ಯಾ, ಹಂಪಿ, ವೈಶಾಲಿ, ಮೂವರು ಅರ್ಹತೆ ಪಡೆದಿದ್ದಾರೆ. ಓಪನ್ ವಿಭಾಗದಲ್ಲಿ ಪ್ರಜ್ಞಾನಂದ ಒಬ್ಬನೇ, ಅದೂ ವರ್ಷವಿಡೀ ಬೇರೆ ಬೇರೆ ಟೂರ್ನಿ ಆಡಿ ಸರ್ಕ್ಯೂಟ್ ಅಂಕ ಕೂಡಿಸಿದ್ದರಿಂದ.

ಬಟುಮಿಯಲ್ಲಿ ಗೆದ್ದವಳಿಗೆ 50,000 ಡಾಲರ್. ಗೋವಾದಲ್ಲಿ ಗೆದ್ದವನಿಗೆ 1,20,000. ನ್ಯಾಯ ಅನ್ಯಾಯ ಎಂದು ಚರ್ಚೆ ಮಾಡುವುದಾದರೆ ಇಲ್ಲಿಂದ ಶುರು ಮಾಡಿ.

ಕಳೆದ ಏಪ್ರಿಲ್‌ನಲ್ಲಿ ನಮ್ಮ ಪುಣೆಯಲ್ಲೇ ಮಹಿಳೆಯರ ಗ್ರ್ಯಾಂಡ್ ಪ್ರೀ ನಡೆಯಿತು. ಹಂಪಿ ಗೆದ್ದರು. ನಮ್ಮ ಸೊಸೈಟಿಯಲ್ಲಿ ಎಷ್ಟು ಜನಕ್ಕೆ ಗೊತ್ತಿತ್ತು? ನನಗೆ, ನನ್ನ ಮಗಳಿಗೆ, ಮತ್ತೆ ಲಿಫ್ಟ್ ರಿಪೇರಿಗೆ ಬಂದ ಹುಡುಗನಿಗೆ. ಅವನು ಫೋನ್‌ನಲ್ಲಿ ಚೆಸ್ ಆಡುತ್ತಾನೆ.


ಡೊಂಬಿವಲಿ ಅಪ್ಪ
3 ಜನವರಿ, 2:25

ಅಕ್ಕಾ, ಒಪ್ಪಿದೆ. ಶೀರ್ಷಿಕೆಯಲ್ಲಿ "ಗೋವಾದಲ್ಲಿ" ಎಂದು ಹಾಕಿದ್ದೇನೆ ಎಂದು ತಪ್ಪಿಸಿಕೊಳ್ಳುವುದಿಲ್ಲ. ಬಟುಮಿ ನನಗೆ ಹೊಳೆಯಲೇ ಇಲ್ಲ.


ಹಡಪ್ಸರ ಬೆಳಗಾವಿ
3 ಜನವರಿ, 2:31

ಅಕ್ಕಾರ ಮಾತು ಖರೇ. ಆದರೂ ಲಾಟರಿ ಲಾಟರಿನೇ. ನಮ್ಮವರು ಗೆದ್ದರ ಲಾಟರಿ ಹತ್ತಿತು ಅನ್ರಿ.


ಮಾಟುಂಗಾ ಮೇಷ್ಟ್ರು
3 ಜನವರಿ, 4:48

ನಾನು ನಿವೃತ್ತ ಮೇಷ್ಟ್ರು, ಚೆಸ್ ಪಂಡಿತನಲ್ಲ. ಆದರೆ ನೀವೆಲ್ಲ ಆಟ ಎಂದರೆ ಗಡಿಯಾರ, ರೇಟಿಂಗ್, ಡಾಲರ್ ಎನ್ನುತ್ತಿದ್ದೀರಿ. ನಾನು ಸ್ವಲ್ಪ ದಾರಿ ತಪ್ಪಿಸುತ್ತೇನೆ, ಕ್ಷಮಿಸಿ.

ನಮ್ಮ ಅಜ್ಜ ಕುಮಟಾದ ಮನೆ ಜಗಲಿಯಲ್ಲಿ ಆಡುತ್ತಿದ್ದದ್ದು ಹಳೆಯ ಪದ್ಧತಿಯ ಚದುರಂಗ. ಕಾಲಾಳು ಮೊದಲ ಸಲವೂ ಒಂದೇ ಮನೆ ಮುಂದೆ. ಈಗಿನ ಕ್ಯಾಸ್ಲಿಂಗ್ (ರಾಜ, ಆನೆ ಒಂದೇ ನಡೆಯಲ್ಲಿ ಜಾಗ ಬದಲಿಸುವುದು) ಇಲ್ಲ. ಅದರ ಬದಲು ರಾಜ ಒಂದೇ ಒಂದು ಸಲ, ಶಹ ಬೀಳುವ ಮೊದಲು, ಕುದುರೆಯ ಹಾಗೆ ಹಾರಬಹುದು. ಕಾಲಾಳು ಆಚೆ ದಡ ಮುಟ್ಟಿದರೆ ಬೇಕಾದ್ದು ಆಗುವಂತಿಲ್ಲ, ಯಾವ ಸಾಲಿನಲ್ಲಿ ಮುಟ್ಟಿತೋ ಆ ಸಾಲಿನ ಕಾಯಿಯೇ ಆಗಬೇಕು. ಕುದುರೆ ಸಾಲಿನಲ್ಲಿ ಹೋದರೆ ಕುದುರೆ. ಮಂತ್ರಿ ಬೇಕೆಂದರೆ ಮೊದಲೇ ಮಂತ್ರಿ ಸಾಲಿನ ಕಾಲಾಳನ್ನು ಕಾಪಾಡಿಕೊಳ್ಳಬೇಕು.

ಮಧ್ಯಾಹ್ನ ಊಟ ಆದ ಮೇಲೆ ಶುರು. ದೀಪ ಹಚ್ಚುವ ಹೊತ್ತಾದರೆ ಕಾಯಿ ಹಾಗೇ ಬಿಟ್ಟು ಮೇಲೆ ಮೊರ ಮುಚ್ಚಿ ಇಡುತ್ತಿದ್ದರು. ಬೆಳಗ್ಗೆ ಮುಂದುವರಿಕೆ. ಒಂದು ಸಲ ರಾತ್ರಿ ಬೆಕ್ಕು ಮೊರ ಉರುಳಿಸಿತು. ಎದುರು ಮನೆಯ ಭಟ್ಟರು "ನನ್ನ ಆನೆ ಮೂಲೆಯಲ್ಲೇ ಇತ್ತು" ಎಂದರು, ಅಜ್ಜ "ಮಧ್ಯಕ್ಕೆ ಬಂದಿತ್ತು" ಎಂದರು. ಹದಿನೈದು ದಿನ ಇಬ್ಬರೂ ಮಾತು ಬಿಟ್ಟರು. ನಿಮ್ಮ ಟೈಬ್ರೇಕ್ ಇದ್ದಿದ್ದರೆ ಒಳ್ಳೆಯದಿತ್ತೇನೋ.

ಮುಂಬಯಿಗೆ ಬಂದ ಮೇಲೆ ಇಲ್ಲಿಯವರು ಬುದ್ಧಿಬಳ ಎನ್ನುವುದು ಕೇಳಿ ಖುಷಿಯಾಯಿತು. ಅವರ ವಜೀರ ನಮ್ಮ ಮಂತ್ರಿ. ಹತ್ತಿ ಎಂದರೆ ಆನೆ. ಊಂಟ ನಮ್ಮ ಒಂಟೆಯೇ.


ಕುದುರೆ ಬಾಲ
3 ಜನವರಿ, 5:05

ಮೇಷ್ಟ್ರೇ, ದಾರಿ ತಪ್ಪಿಸಿದ್ದು ಒಳ್ಳೆಯದಾಯಿತು. ನಮ್ಮ ಮುಮ್ಮಡಿ ಕೃಷ್ಣರಾಜ ಒಡೆಯರಿಗೂ ಇದೇ ಹುಚ್ಚು. ಕುದುರೆ 64 ಮನೆಗಳನ್ನೂ ಒಂದೊಂದೇ ಸಲ ಮುಟ್ಟಿ ಬರುವ ಬಂಧಗಳನ್ನು ಕಟ್ಟಿದವರು. ಅದೇ ಮೈಸೂರಿನ ತೇಜ್‌ಕುಮಾರ್ 2017ರಲ್ಲಿ ಕರ್ನಾಟಕದ ಮೊದಲ ಗ್ರ್ಯಾಂಡ್‌ಮಾಸ್ಟರ್ ಆದರು. ಒಡೆಯರಿಂದ ತೇಜ್‌ಕುಮಾರ್‌ವರೆಗೆ ಇಷ್ಟು ತಡ ಏಕಾಯಿತು ಎಂದು ಮಾತ್ರ ಕೇಳಬೇಡಿ.


ಪಿಂಪ್ರಿ ಆರ್ಬಿಟರ್
3 ಜನವರಿ, 6:30

ನಾನು ವಾರಾಂತ್ಯದಲ್ಲಿ ಮಕ್ಕಳ ಟೂರ್ನಿಗಳಲ್ಲಿ ಆರ್ಬಿಟರ್ (ತೀರ್ಪುಗಾರ) ಕೆಲಸ ಮಾಡುತ್ತೇನೆ. ಮೂಲ ಪೋಸ್ಟ್ ಹಾಕಿದವರಿಗೆ ಒಂದು ಮಾತು ಹೇಳಬೇಕು. ಪದ್ಧತಿ ಸರಿಯೋ ತಪ್ಪೋ, ಮಗ ಆ ಸಂಜೆ ಫೋನ್ ಮಗುಚಿ ಇಟ್ಟನಲ್ಲ, ಅದು ನನಗೆ ಚೆನ್ನಾಗಿ ಗೊತ್ತು. ಪ್ರತಿ ಭಾನುವಾರ ನೋಡುತ್ತೇನೆ.

ಹೋದ ತಿಂಗಳು ಒಂದು ಶಾಲೆಯ ಹಾಲ್‌ನಲ್ಲಿ ಒಂಬತ್ತು ವರ್ಷದ ಒಳಗಿನವರ ಟೂರ್ನಿ. ಅಪ್ಪ ಅಮ್ಮಂದಿರು ಹೊರಗೆ ಮೆಟ್ಟಿಲ ಮೇಲೆ, ಮಡಿಲಲ್ಲಿ ಡಬ್ಬಿ, ನೀರಿನ ಬಾಟಲಿ. ಮಗು ಬಾಗಿಲಿಗೆ ಬಂದು ಹೆಬ್ಬೆರಳು ಮೇಲೆ ಮಾಡಿದರೆ ವಡಾಪಾವ್, ಕೆಳಗೆ ಮಾಡಿದರೆ ಲೆಕ್ಚರ್. ಒಬ್ಬ ಹುಡುಗಿ ಗೆಲ್ಲುವ ಆಟದಲ್ಲಿ ಮಂತ್ರಿಯನ್ನು ನೇರ ಮಾಡಲು ಮುಟ್ಟಿದಳು, "ಅಡ್ಜಸ್ಟ್" ಎಂದು ಹೇಳುವುದು ಮರೆತಳು. ಎದುರು ಕೂತ ಹುಡುಗ ಕೈ ಎತ್ತಿದ. ಮುಟ್ಟಿದ ಕಾಯಿ ನಡೆಸಲೇಬೇಕು, ನಿಯಮ. ಮಂತ್ರಿ ಹೋಯಿತು. ಅವಳು ಅಳಲಿಲ್ಲ. ಮುಂದಿನ ನಡೆಯನ್ನು ಚೀಟಿಯಲ್ಲಿ ಬರೆದಳು, ಕೈ ನಡುಗಿ ಅಕ್ಷರ ಚೌಕ ದಾಟಿ ಹೋಗಿತ್ತು. ಸೋತಳು, ಕೈ ಕುಲುಕಿದಳು. ಹೊರಗೆ ಬಂದ ಮೇಲೆ ಅಪ್ಪ ಜೋರಾಗಿ "ಎಷ್ಟು ಸಲ ಹೇಳಿದ್ದೇನೆ" ಎಂದಾಗ ಅತ್ತಳು.

ಡೊಂಬಿವಲಿ ಅಣ್ಣ, ನೀವು ಆ ಅಪ್ಪನ ಹಾಗಲ್ಲ ಎಂದು ಗೊತ್ತು. ಮಗ ಈಗ ಆಡುತ್ತಿದ್ದಾನೋ ಇಲ್ವೋ? ಅದನ್ನು ನೀವು ಬರೆದೇ ಇಲ್ಲ.


ಡೊಂಬಿವಲಿ ಅಪ್ಪ
3 ಜನವರಿ, 7:15

ಸರಿಯಾದ ಜಾಗಕ್ಕೇ ಕೈ ಹಾಕಿದಿರಿ. ಆಡುತ್ತಿಲ್ಲ. ಕ್ಲಾಸಿಗೆ ಹೋಗುತ್ತಾನೆ, ಕೂರುತ್ತಾನೆ, ಬರುತ್ತಾನೆ. ತಿಂಗಳಿಗೆ ನಾಲ್ಕು ಸಾವಿರ ಫೀಸು, ಅದು ಇರಲಿ. ಕೋಚ್ ಹೇಳಿದರು, ಗೆಲ್ಲುವ ಸ್ಥಿತಿಯಲ್ಲೂ ಡ್ರಾ ಕೇಳುತ್ತಾನಂತೆ. "ಸೋಲೋದಕ್ಕಿಂತ ವಾಸಿ" ಅಂತಾನಂತೆ. ರೇಟಿಂಗ್, ಅಂದರೆ ಆಟದ ಮಟ್ಟದ ಅಂಕ, ಈಚೆಗೆ ಬಂದಿದ್ದು, 1400ರ ಗೆರೆಯ ಸ್ವಲ್ಪ ಮೇಲೆ, ಅದಕ್ಕಿಂತ ಇಳಿದರೆ ಹೋಯಿತು. ಅದನ್ನು ಕಳೆದುಕೊಳ್ಳುವ ಭಯವೂ ಇರಬಹುದು.


ಥಾಣೆ ಟೆಂಪೋ
3 ಜನವರಿ, 7:22

ರೇಟಿಂಗ್ ಹುಚ್ಚು ಎಲ್ಲಿಗೆ ಮುಟ್ಟಿದೆ ನೋಡಿ. ಡಿಸೆಂಬರ್‌ನಲ್ಲಿ ಸಾಗರದ ಮೂರೂವರೆ ವರ್ಷದ ಹುಡುಗನಿಗೆ ರೇಟಿಂಗ್ ಬಂತು. 1572!


ವಾಸ್ಕೋ ಮಂಜ
3 ಜನವರಿ, 7:24

ನಮ್ಮ ಶಿವಮೊಗ್ಗ ಜಿಲ್ಲೆ ಸಾಗರಾನಾ??


ಥಾಣೆ ಟೆಂಪೋ
3 ಜನವರಿ, 7:25

ಅಲ್ಲ, ಮಧ್ಯಪ್ರದೇಶದ ಸಾಗರ.


ವಾಸ್ಕೋ ಮಂಜ
3 ಜನವರಿ, 7:26

ಅರ್ಧ ನಿಮಿಷ ಖುಷಿಯಾಗಿದ್ದೆ.


ಕೋಥ್ರೂಡ್ ಅಮ್ಮ
3 ಜನವರಿ, 7:40

ಮೂರೂವರೆ ವರ್ಷಕ್ಕೆ ನನ್ನ ಮಗಳು ಕುದುರೆಯನ್ನು ಬಾಯಿಗೆ ಹಾಕಿಕೊಳ್ಳುತ್ತಿದ್ದಳು.

ಡೊಂಬಿವಲಿಯವರೇ, ಗುಕೇಶ್‌ನ ಗೆಲುವನ್ನಷ್ಟೇ ಮಗನಿಗೆ ತೋರಿಸಿದ್ದೀರಿ ಅನಿಸುತ್ತದೆ. 2024ರ ಡಿಸೆಂಬರ್ 12, ಸಿಂಗಾಪುರ, ಕೊನೆಯ 14ನೇ ಆಟ. ಡಿಂಗ್ ಲಿರೆನ್ 55ನೇ ನಡೆಯಲ್ಲಿ ಆನೆಯನ್ನು ತಪ್ಪು ಮನೆಗೆ ಇಟ್ಟ. ಅದುವರೆಗೆ ಆ ಆಟ ಡ್ರಾ ಆಗುವ ಹಾಗೇ ಇತ್ತು. ಆ ಒಂದು ನಡೆಯಿಂದ 18 ವರ್ಷದ ಹುಡುಗ ಚಾಂಪಿಯನ್. ಈ ಕಡೆ ಕಳೆದ ಸೆಪ್ಟೆಂಬರ್‌ನಲ್ಲಿ ಸಮರ್ಕಂದ್‌ನಲ್ಲಿ ಅದೇ ಗುಕೇಶ್ ಸತತ ಮೂರು ಆಟ ಸೋತ. ಒಂದು ಸೋಲು ಅಭಿಮನ್ಯು ಮಿಶ್ರ ಎನ್ನುವ ಅಮೆರಿಕದ ಹುಡುಗನಿಗೆ, ಅವನಿಗೆ ಹದಿನಾರು. ಮಾರನೇ ದಿನ ಎದ್ದು ಬಂದು ಮತ್ತೆ ಕೂತ. ಮಗನಿಗೆ ಆ ಮೂರು ಸೋಲಿನ ಆಟ ತೋರಿಸಿ. ನನ್ನ ಮಗಳಿಗೆ ನಾನು ಅದನ್ನೇ ಮಾಡಿದ್ದು. "ಇವನಿಗೂ ಹೀಗಾಗುತ್ತಾ?" ಎಂದು ಕೇಳಿದಳು, ಸ್ವಲ್ಪ ಖುಷಿಯಾದ ಹಾಗೂ ಕಂಡಿತು!


ಹಡಪ್ಸರ ಬೆಳಗಾವಿ
3 ಜನವರಿ, 8:02

ಸೋತಾಗ ಹೆಂಗಿರಬಾರದು ಅನ್ನೋದಕ್ಕೂ ಪಾಠ ಐತಿ. ಹಿಂದಿನ ವಿಶ್ವ ಚಾಂಪಿಯನ್ ಕಾರ್ಲ್‌ಸನ್! ಜೂನ್‌ನಲ್ಲಿ ನಾರ್ವೆಯೊಳಗ ಗುಕೇಶ್‌ಗೆ ಸೋತು ಟೇಬಲ್ ಗುದ್ದಿದ. ಈಗ ದೋಹಾದಾಗ ಬ್ಲಿಟ್ಜ್‌ನಲ್ಲಿ (ಕೆಲವೇ ನಿಮಿಷದ ಆಟ) ನಮ್ಮ ಅರ್ಜುನ್‌ಗೆ ಸೋತು ಮತ್ತೆ ಗುದ್ದಿದ. ಟೇಬಲ್ ಏನ್ ತಪ್ಪು ಮಾಡಿತ್ತು?


ಒಂಟೆ ಸವಾರ
3 ಜನವರಿ, 8:10

ಗುದ್ದಿದ ಮೇಲೆ ದೋಹಾದಲ್ಲಿ ರ‍್ಯಾಪಿಡ್ ಮತ್ತು ಬ್ಲಿಟ್ಜ್ ಎರಡೂ ಪಟ್ಟ ಗೆದ್ದು ಹೋದ, ಅದನ್ನೂ ಹೇಳಿ. ಎಲ್ಲ ಸೇರಿ 20 ವಿಶ್ವ ಪಟ್ಟ. ಅರ್ಜುನ್‌ಗೆ ಎರಡರಲ್ಲೂ ಕಂಚು. ಮಹಿಳೆಯರ ರ‍್ಯಾಪಿಡ್‌ನಲ್ಲಿ ಹಂಪಿಗೂ ಕಂಚು (ಕೋಥ್ರೂಡ್ ಅಕ್ಕ ಬೈಯುವ ಮೊದಲೇ ಹೇಳಿಬಿಟ್ಟೆ).

ನೋಡಿ, ಕಡಿಮೆ ಸಮಯದ ಆಟ ಲಾಟರಿ ಎಂದಾದರೆ ಪ್ರತಿ ಸಲ ಒಬ್ಬನಿಗೇ ಹೇಗೆ ಲಾಟರಿ ಹತ್ತುತ್ತದೆ?


ಹಡಪ್ಸರ ಬೆಳಗಾವಿ
3 ಜನವರಿ, 8:14

...ಇದಕ್ಕ ನನ್ನ ಹತ್ರ ಉತ್ತರ ಇಲ್ಲ. ಊಟ ಮಾಡಿ ಬರ್ತೀನಿ.


ಥಾಣೆ ಟೆಂಪೋ
3 ಜನವರಿ, 8:30

ಜೀನ್ಸ್ ಹಾಕಿಕೊಂಡು ಬಂದು ಜಗಳ ಆಡಿ ಅರ್ಧಕ್ಕೇ ಎದ್ದು ಹೋಗಿದ್ದನಲ್ಲ ಅದೇ ಕಾರ್ಲ್‌ಸನ್, 2024ರಲ್ಲಿ, ನ್ಯೂಯಾರ್ಕ್‌ನಲ್ಲಿ. ನಮ್ಮವರು ಯಾರಾದರೂ ಪಂಚೆ ಉಟ್ಟು ಹೋದರೆ ಬಿಡುತ್ತಾರೋ ಇಲ್ವೋ?


ಮಾಟುಂಗಾ ಮೇಷ್ಟ್ರು
3 ಜನವರಿ, 8:52

ನಮ್ಮ ಅಜ್ಜ ಪಂಚೆಯಲ್ಲೇ ಆಡಿದ್ದು. ಆದರೆ ಅವರು ಗುದ್ದಿದ್ದು ಟೇಬಲ್‌ಗಲ್ಲ, ಬೆಕ್ಕಿಗೆ.


ಕುದುರೆ ಬಾಲ
3 ಜನವರಿ, 9:20

ಪದ್ಧತಿ ಬಗ್ಗೆ ಕೊನೆಯದಾಗಿ ನನ್ನದೊಂದು. ನಾಕೌಟ್ ಬೇಡ ಎನ್ನುವವರು ಇನ್ನೊಂದು ದಾರಿ ನೋಡಿ. ಕ್ಯಾಂಡಿಡೇಟ್ಸ್‌ಗೆ ಒಂದು ಜಾಗ ರೇಟಿಂಗ್ ಮೇಲೆ. ಅದಕ್ಕೆ ಇಷ್ಟು ಆಟ ಆಡಿರಲೇಬೇಕು ಎಂಬ ಷರತ್ತು, 40. ಹಿಕಾರು ನಕಾಮುರಾ ಏನು ಮಾಡಿದ? ವಿಶ್ವದ 2ನೇ ನಂಬರ್ ಆಟಗಾರ ಅಮೆರಿಕದ ಲೂಸಿಯಾನಾ, ಅಯೋವಾದಂಥ ರಾಜ್ಯಗಳ ಸಣ್ಣ ಟೂರ್ನಿಗಳಿಗೆ ಹೋಗಿ, ನಮ್ಮ ನಿಮ್ಮಂಥವರ ಎದುರು ಕೂತು ಲೆಕ್ಕ ತುಂಬಿಸಿದ. ಕೊಹ್ಲಿ ಬಂದು ಕಲ್ಯಾಣದ ಟೆನಿಸ್ ಬಾಲ್ ಪಂದ್ಯ ಆಡಿದ ಹಾಗೆ. ನಿಯಮದಲ್ಲಿ ತಪ್ಪಿಲ್ಲ. ಆದರೆ ಯಾವ ಪದ್ಧತಿ ಮಾಡಿದರೂ ಸಂದಿ ಇದ್ದೇ ಇರುತ್ತದೆ. ನನಗೆ ಕೇಳಿದರೆ ಗೋವಾವೇ ವಾಸಿ. ಅಲ್ಲಿ ಕನಿಷ್ಠ ಎದುರಿಗೆ ಇದ್ದವನನ್ನು ಸೋಲಿಸಬೇಕು.


ಡೊಂಬಿವಲಿ ಅಪ್ಪ
4 ಜನವರಿ, ರಾತ್ರಿ 8:40

ಇವತ್ತಿನ ಸುದ್ದಿ. ಸಮರ್ಕಂದ್‌ನ ಆಟ ತೋರಿಸಿದೆ. ಮೊದಲ ಎರಡು ಸುಮ್ನೆ ನೋಡಿದ. ಮೂರನೆಯದರಲ್ಲಿ "ಇಲ್ಲಿ ಇವನು ಹೀಗೆ ಆಡಬಾರದಿತ್ತು" ಎಂದು ಬೋರ್ಡ್ ಎಳೆದುಕೊಂಡ. ಅವನು ಹೇಳಿದ್ದು ಸರಿಯೋ ತಪ್ಪೋ ನನಗೆ ಗೊತ್ತಿಲ್ಲ, ನಾನು ಹೂಂ ಎಂದೆ.

ಆಮೇಲೆ ಮೇಷ್ಟ್ರ ಪೋಸ್ಟ್ ಓದಿ ಹೇಳಿದೆ. ಹಳೇ ಪದ್ಧತಿ ಕೇಳಿ ಕಣ್ಣು ಅರಳಿತು. ರಾಜ ಕುದುರೆ ಹಾಗೆ ಹಾರಬಹುದಾ ಎಂದು ನಾಲ್ಕು ಸಲ ಕೇಳಿದ. ಮಧ್ಯಾಹ್ನದಿಂದ ಅದನ್ನೇ ಆಡಿದೆವು. ರೇಟಿಂಗ್ ಇಲ್ಲ, ಗಡಿಯಾರ ಇಲ್ಲ. ನನಗೆ ಎರಡು ಸೋಲು, ಒಂದು ಡ್ರಾ. ಡ್ರಾ ನಾನು ಕೇಳಿದ್ದು, ಅವನು ಕೊಡಲ್ಲ ಎಂದು ಹಠ ಹಿಡಿದ, ಅಮ್ಮ ಊಟಕ್ಕೆ ಕರೆದಳು ಎಂದು ಬಿಟ್ಟ.

ಮೇಷ್ಟ್ರೇ, ಒಂದು ಸಂಶಯ ಅವನದ್ದು. ಕಾಲಾಳು ರಾಜನ ಸಾಲಿನಲ್ಲಿ ಆಚೆ ಮುಟ್ಟಿದರೆ ಏನಾಗುತ್ತದೆ? ಎರಡು ರಾಜರಾ?


ಮಾಟುಂಗಾ ಮೇಷ್ಟ್ರು
4 ಜನವರಿ, 8:58

ಭಲೇ! ನಮ್ಮ ಮನೆಯಲ್ಲಿ ಅದು ಮಂತ್ರಿ ಆಗುತ್ತಿತ್ತು. ಎದುರು ಮನೆ ಭಟ್ಟರು ಬೇರೆ ಹೇಳುತ್ತಿದ್ದರು. ಅದಕ್ಕೂ ಒಮ್ಮೆ ಮಾತು ಬಿಟ್ಟಿದ್ದರು.

ಮುಂದಿನ ಭಾನುವಾರ ಹುಡುಗನನ್ನು ಮಾಟುಂಗಾಕ್ಕೆ ಕರೆದುಕೊಂಡು ಬನ್ನಿ. ನನ್ನ ಹತ್ತಿರ ಅಜ್ಜನ ಕಾಯಿಗಳಿವೆ, ಒಂದು ಒಂಟೆ ಮಾತ್ರ ಕಳೆದುಹೋಗಿದೆ, ಆ ಜಾಗಕ್ಕೆ ಅಡಿಕೆ ಇಡುತ್ತೇನೆ.


ಫೋರ್ಟ್ ಶೆಟ್ಟಿ
4 ಜನವರಿ, 9:03

ನಾನೂ ಬರುತ್ತೇನೆ ಮೇಷ್ಟ್ರೇ. ಆಟ ಬರುವುದಿಲ್ಲ, ತಿಂಡಿ ತರುತ್ತೇನೆ.


ಹಡಪ್ಸರ ಬೆಳಗಾವಿ
4 ಜನವರಿ, 9:10

ಪುಣೆಯಿಂದ ಡೆಕ್ಕನ್ ಕ್ವೀನ್ ಹಿಡಿದರ ದಾದರಕ್ಕ ಎಷ್ಟೊತ್ತಿಗೆ ಮುಟ್ಟತೈತ್ರಿ?